ಗುಡ್ಡದ ಮಳೆ, ಪೈಡಮ್ಮನ ಬಾವಿ

ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ನನ್ನನ್ನು ನೋಡಲು ಬಂದರೆ ಮೊದಲು ಕೇಳುವುದು ಯಾವ ಗಿಡ ನೆಡಬೇಕು ಎಂದು. ಗಿಡದ ಮಾತು ಆಮೇಲೆ. ಮಳೆ ಬಂದಾಗ ಒಳಗೆ ಕೂರಬೇಡಿ, ಕೊಡೆ ಹಿಡಿದು ಹೊರಗೆ ಹೋಗಿ, ನೀರು ಎತ್ತ ಹರಿಯುತ್ತದೆ ನೋಡಿ ಎನ್ನುತ್ತೇನೆ ನಾನು. ಅವರು ನಕ್ಕು ತಲೆಯಾಡಿಸುತ್ತಾರೆ. ಮುದುಕಿಗೆ ಹೇಳಲು ಇನ್ನೇನೂ ಇಲ್ಲ ಅಂದುಕೊಳ್ಳುತ್ತಾರೋ ಏನೋ. ಆದರೆ ನನ್ನ ಇಡೀ ಕೆಲಸ ಅಷ್ಟೇ ಆಗಿತ್ತು. ಮಳೆನೀರು ಚರಂಡಿಗೆ ಓಡಿ ಹೋಗದಂತೆ, ಹೋಗುವಾಗ ಎಣ್ಣೆ, ಕೆಸರು, ಕಸ ಹೊತ್ತೊಯ್ಯದಂತೆ, ಗಿಡ ಹುಲ್ಲು ಕಲ್ಲುಗಳ ನಡುವೆ ನಿಧಾನಿಸಿ ಮಣ್ಣಿಗೆ ಇಳಿಯುವಂತೆ ತೋಟ ಮಾಡುವುದು. ವಿಜಯವಾಡದಲ್ಲಿ ಕಲಿತೆ, ವಿಶಾಖಪಟ್ಟಣದಲ್ಲಿ ಪರೀಕ್ಷೆ ಕೊಟ್ಟೆ.

ನಾನು ಧಾರವಾಡದ ಕಡೆಯವಳು, ತೋಟಗಾರಿಕೆ ಓದಿದವಳು. ಗಂಡ ಬ್ಯಾಂಕಿನವರು. ವರ್ಗವಾಗಿ ವಿಜಯವಾಡಕ್ಕೆ ಬಂದಾಗ ಪಾತ್ರೆ ಪಗಡದ ಜೊತೆ ನಾನೂ ಬಂದೆ. ಆ ಊರಿನಲ್ಲಿ ಎರಡೇ ಕಾಲ, ಬಿಸಿಲು ಮತ್ತು ಇನ್ನೂ ಹೆಚ್ಚಿನ ಬಿಸಿಲು ಎಂದು ಹೆದರಿಸಿದ್ದರು. ಮಳೆಗಾಲ ಒಂದಿದೆ ಎಂದು ಗೊತ್ತಾಗಿದ್ದು ನಮ್ಮ ಬಾಡಿಗೆ ಮನೆಯ ಮೆಟ್ಟಿಲಿಗೆ ಬೀದಿಯ ನೀರು ಬಂದು ನಿಂತ ದಿನ.

ಬೆಂಜ್ ಸರ್ಕಲ್ ಹತ್ತಿರ ಒಂದು ಸಣ್ಣ ಕಂಪನಿ ಕಚೇರಿ, ಆಸ್ಪತ್ರೆಗಳಿಗೆ ತೋಟ ಮಾಡಿಕೊಡುತ್ತಿತ್ತು. ಅದರ ಯಜಮಾನರು ಕುಟುಂಬರಾವುಗಾರು, ನಮ್ಮ 'ಅವರು' ಅಲ್ಲಿ 'ಗಾರು'. ಕೆಲಸ ಕೇಳಿಕೊಂಡು ಹೋದಾಗ ಅವರು ನನ್ನ ಸರ್ಟಿಫಿಕೇಟುಗಳನ್ನು ಮೇಜಿನ ಮೇಲೆ ಹಾಗೇ ಬಿಟ್ಟು, ಒಂದು ಚೊಂಬು ನೀರು ಕೈಗೆ ಕೊಟ್ಟು ಅಂಗಳಕ್ಕೆ ಕರೆದುಕೊಂಡು ಹೋದರು.

"ಇಲ್ಲಿ ಸುರಿದರೆ ನೀರು ಎತ್ತ ಹೋಗತ್ತೆ, ಹೇಳಮ್ಮಾ."

ನಾನು ಅತ್ತಿತ್ತ ನೋಡಿ, ಗೇಟಿನ ಕಡೆಗೆ ಎಂದೆ. ಸುರಿದೆ. ನೀರು ಗೇಟಿನ ಕಡೆ ಸ್ವಲ್ಪ ಹೋಗಿ, ಏನೋ ಮರೆತವರ ಹಾಗೆ ತಿರುಗಿ, ಸೀದಾ ಅವರ ಕಚೇರಿಯ ಹೊಸ್ತಿಲಿಗೆ ಬಂತು. ನನ್ನ ಕೆಲಸ ಹೋಯಿತು ಅಂದುಕೊಂಡೆ. ರಾವುಗಾರು ಹೊಟ್ಟೆ ಹಿಡಿದು ನಕ್ಕರು. "ನಾನೇ ನಿಂತು ಮಾಡಿಸಿದ ಅಂಗಳ ಇದು! ಊರಿಗೆಲ್ಲ ಬುದ್ಧಿ ಹೇಳ್ತೀನಿ, ನನ್ನ ಹೊಸ್ತಿಲು ನೋಡಿ. ಸೋಮವಾರದಿಂದ ಬನ್ನಿ." ತಮ್ಮ ತಪ್ಪನ್ನು ತೋರಿಸಿ ಕೆಲಸ ಕೊಟ್ಟ ಮೇಲಧಿಕಾರಿ ಎಷ್ಟು ಜನರಿಗೆ ಸಿಕ್ಕಿರುತ್ತಾರೆ? ನನಗೆ ಸಿಕ್ಕರು. ಅದು ನನ್ನ ಪುಣ್ಯ.

ಅವರಿಂದ ಕಲಿತ ಮೊದಲ ಪಾಠ, ಮಡಿಯನ್ನು ಏರಿಸಬಾರದು, ಇಳಿಸಬೇಕು ಎನ್ನುವುದು. ನಮ್ಮ ಮಾಲಿಗಳಿಗೆ ಹೂವಿನ ಮಡಿ ಎಂದರೆ ಗೋಪುರದ ಹಾಗೆ ಮಣ್ಣು ಏರಿಸಿ ಸುತ್ತ ಇಟ್ಟಿಗೆ ಚುಚ್ಚುವುದು. ನೋಡಲು ಚೆಂದ. ಆದರೆ ಏರಿಸಿದ ಮಡಿಯ ಮೇಲೆ ಬಿದ್ದ ಮಳೆ ಮಣ್ಣನ್ನೂ ಕರೆದುಕೊಂಡು ರಸ್ತೆಗೆ ಹೊರಡುತ್ತದೆ. ಮಡಿ ರಸ್ತೆಗಿಂತ ಗೇಣುದ್ದ ಕೆಳಗಿದ್ದರೆ ರಸ್ತೆಯ ನೀರು ಗಿಡದ ಬುಡಕ್ಕೆ ಬರುತ್ತದೆ. ಇಷ್ಟು ಹೇಳಿ, ಬರೆದು ತೋರಿಸಿ, ದಾರ ಕಟ್ಟಿ ಬಂದರೂ ಮರುದಿನ ಹೋಗಿ ನೋಡಿದರೆ ಮತ್ತೆ ಗೋಪುರ. ಕೈಗೆ ಹತ್ತಿದ ರೂಢಿ ತಲೆಯ ಮಾತು ಕೇಳುವುದಿಲ್ಲ. ಇಂದಿಗೂ ಇದು ನಿಮ್ಮನ್ನು ಕಾಡುತ್ತದೆ, ತಯಾರಾಗಿರಿ.

ಎರಡನೆಯ ಪಾಠ ಒಂದು ಕಾರ್ ಶೋರೂಮಿನಲ್ಲಿ ಸಿಕ್ಕಿತು. ಜಾಗದ ಇಳಿಜಾರು ನೈಋತ್ಯಕ್ಕೆ ಇತ್ತು. ಅಂಗಳದ ಮಳೆನೀರು ಇಂಗಲು ಅಲ್ಲೊಂದು ತಗ್ಗು ತೋಟ ಮಾಡೋಣ ಎಂದು ನಕ್ಷೆ ತೆಗೆದುಕೊಂಡು ಹೋದೆ. ಮಾಲೀಕರು ಹಾವು ಕಂಡವರಂತೆ ಎದ್ದು ನಿಂತರು.

"ನೈಋತ್ಯದಲ್ಲಿ ಗುಂಡಿಯಾ ಮೇಡಂ? ಯಜಮಾನನನ್ನೇ ಹೂಳೋಕೆ ಹೊರಟಿದ್ದೀರಲ್ಲ!"

ಆ ಊರಲ್ಲಿ ವಾಸ್ತು ಕೇಳದೆ ಮೊಳೆ ಹೊಡೆಯುವವರೂ ಇಲ್ಲ. ನೀರು ವಾಸ್ತು ಓದಿಲ್ಲ ಸಾರ್ ಎಂದು ನಾನು ವಾದಕ್ಕೆ ನಿಂತೆ. ರಾವುಗಾರು ನನ್ನ ತೋಳು ಮುಟ್ಟಿ ಸುಮ್ಮನಾಗಿಸಿದರು. "ಈಶಾನ್ಯದಲ್ಲಿ ನೀರಿದ್ದರೆ ಶುಭ ಅಲ್ಲವೇ ಅಂಡೀ?" ಎಂದು ಮಾಲೀಕರನ್ನು ವಿನಯದಿಂದ ಕೇಳಿದರು. ಅಂಗಳಕ್ಕೆ ಕಲ್ಲುಹಾಸು ಇನ್ನೂ ಹಾಕಿರಲಿಲ್ಲ. ಹಾಸುವಾಗ ಇಡೀ ನೆಲದ ಇಳಿಜಾರನ್ನೇ ಈಶಾನ್ಯಕ್ಕೆ ತಿರುಗಿಸಿದೆವು. ಕಾರು ತೊಳೆದ ನೀರಿಗೆ ಬೇರೆ ತೊಟ್ಟಿ, ಮಳೆನೀರಿಗೆ ಮಾತ್ರ ತೋಟ. ಕಾಬಾಳೆ, ಲಾವಂಚ ಚೆನ್ನಾಗಿ ಹಿಡಿದವು.

ಅವತ್ತು ವಾಪಸು ಬರುವ ದಾರಿಯಲ್ಲಿ ನಾನು ಮುಖ ಊದಿಸಿಕೊಂಡಿದ್ದೆ. ರಾವುಗಾರು ಹೇಳಿದರು, "ನಾನು ನಂಬ್ತೀನೋ ಇಲ್ಲವೋ ಅದು ಬೇರೆ ಮಾತು ಸುಮಿತ್ರಾಗಾರೂ. ನಾವು ಹೊರಟು ಬಂದ ಮೇಲೆ ಆ ತಗ್ಗನ್ನ ಅವರು ಬೈದುಕೊಂಡು ನೋಡ್ಕೋತಾರೋ, ಕೈ ಮುಗಿದು ನೋಡ್ಕೋತಾರೋ? ಅದನ್ನ ಯೋಚನೆ ಮಾಡಿ." ಮಾಲೀಕರು ಪ್ರತಿ ಶುಕ್ರವಾರ ಅಲ್ಲಿ ಅರಿಶಿನ ಕುಂಕುಮ ಇಡತೊಡಗಿದರು. ಕುಂಕುಮ ಬಿದ್ದ ಜಾಗದಲ್ಲಿ ಯಾರೂ ಕಸ ಎಸೆಯಲಿಲ್ಲ. ನನ್ನ ಯಾವ ಬೇಲಿಗೂ ಆ ಶಕ್ತಿ ಇರಲಿಲ್ಲ.

ಆಗೆಲ್ಲ ನೆಲದ ಮಟ್ಟ ನೋಡಲು ನೀರು ತುಂಬಿದ ಪ್ಲಾಸ್ಟಿಕ್ ಕೊಳವೆ ಹಿಡಿದು ಇಬ್ಬರು ಎರಡು ತುದಿಯಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದೆವು. ಈಗ ಡ್ರೋನ್ ಹಾರಿಸಿ ಇಡೀ ಗುಡ್ಡದ ಇಳಿಜಾರನ್ನು ಪರದೆಯ ಮೇಲೆ ಬಣ್ಣ ಬಣ್ಣವಾಗಿ ತೋರಿಸುತ್ತೀರಿ. ನೋಡಿ ಸಂತೋಷಪಡುತ್ತೇನೆ, ಹೊಟ್ಟೆಕಿಚ್ಚೂ ಪಡುತ್ತೇನೆ. ಆದರೆ ಡ್ರೋನ್ ಹಾರಿ ಹೋದ ಮೇಲೆ ಯಾರಾದರೂ ಒಂದು ಇಟ್ಟಿಗೆ ಅಡ್ಡ ಇಟ್ಟರೆ ನಿಮ್ಮ ಬಣ್ಣದ ನಕ್ಷೆ ಸುಳ್ಳಾಗುತ್ತದೆ. ಅದು ನನಗೆ ತಿಳಿದದ್ದು ವಿಶಾಖಪಟ್ಟಣದಲ್ಲಿ.

ಋಷಿಕೊಂಡದ ಕಡೆ, ಸಮುದ್ರಕ್ಕೆ ಮುಖ ಮಾಡಿದ ಗುಡ್ಡದ ಮೇಲೆ ಒಂದು ಐಟಿ ಕಚೇರಿ ಎದ್ದಿತ್ತು. ಗುಡ್ಡ ಕಡಿದು ರಸ್ತೆ, ಪಾರ್ಕಿಂಗು. ಬುಡದಲ್ಲಿ ಮೀನುಗಾರರ ಸಣ್ಣ ಹಟ್ಟಿ, ಅಲ್ಲಿ ಅದಕ್ಕೆ ಪೇಟೆ ಎನ್ನುತ್ತಾರೆ, ಅದರ ಅಂಚಿಗೆ ಒಂದು ಹಳೆಯ ಬಾವಿ. ಸಮುದ್ರ ಅಷ್ಟು ಹತ್ತಿರವಿದ್ದರೂ ಸಿಹಿನೀರು. ಗುಡ್ಡದ ಮೇಲೆ ಇಂಗಿದ ಮಳೆ ಒಳಗೊಳಗೇ ಇಳಿದು ಬಂದು ಆ ಬಾವಿಯನ್ನು ಸಾಕುತ್ತಿತ್ತು. ಕಚೇರಿ ಬಂದ ಮೇಲೆ ಇಂಗುವುದು ಕಡಿಮೆಯಾಗಿ, ಓಡುವುದು ಹೆಚ್ಚಾಯಿತು. ಪ್ರತಿ ದೊಡ್ಡ ಮಳೆಗೂ ಕೆಮ್ಮಣ್ಣಿನ ನೀರು ಪಾರ್ಕಿಂಗಿನ ಎಣ್ಣೆ ಸಮೇತ ರಸ್ತೆಯಲ್ಲಿ ಧುಮುಕಿ ಬಂದು, ಗಿಡ್ಡ ಕಟ್ಟೆಯನ್ನು ಹತ್ತಿ ಬಾವಿಗೆ ಬೀಳುತ್ತಿತ್ತು. ಪೇಟೆಯವರು ಗೇಟಿಗೆ ಬಂದು ಕೂತರು. ಕಚೇರಿಯವರು ನಮ್ಮನ್ನು ಕರೆದರು. ನನ್ನ ಗಂಡನಿಗೂ ಅಷ್ಟರಲ್ಲಿ ವಿಶಾಖಪಟ್ಟಣಕ್ಕೆ ವರ್ಗವಾಗಿತ್ತು, ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು.

ಬಾವಿಯ ಪಕ್ಕದಲ್ಲೇ ಪೈಡಮ್ಮನ ಟಿಫಿನ್ ಅಂಗಡಿ. ಬೆಳಿಗ್ಗೆ ಇಡ್ಲಿ, ಸಂಜೆ ಪುಣುಗು ಎಂದು ಅಲ್ಲಿ ಕರೆಯುವ ಹಿಟ್ಟಿನ ಬೋಂಡ. ಮೊದಲ ದಿನ ಬಿಸಿಲಲ್ಲಿ ಗುಡ್ಡ ಇಳಿದು ಹೋದೆ. ಆ ನಾಡಿನಲ್ಲಿ ಮನೆ ಬಾಗಿಲಿಗೆ ಯಾರೇ ಬರಲಿ, ಹೆಸರು ಕೇಳುವ ಮೊದಲು ಕುಡಿಯಲು ನೀರು ಕೊಡುತ್ತಾರೆ. ಪೈಡಮ್ಮ ಬೆಂಚು ಒರೆಸಿದಳು, ಒಳಗೆ ಹೋದಳು, ಬರಿಗೈಯಲ್ಲಿ ಹೊರಗೆ ಬಂದಳು. ಪಕ್ಕದ ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಪೊಟ್ಟಣದ ನೀರು ತರಿಸಿ ನನ್ನ ಮುಂದೆ ಇಟ್ಟಳು. ನನ್ನ ಮುಖ ನೋಡಲಿಲ್ಲ.

"ನಮ್ಮ ಅತ್ತೆ ಕಾಲದಿಂದ ಈ ಅಂಗಡೀಲಿ ನೀರಿಗೆ ಯಾರೂ ಕಾಸು ಕೊಟ್ಟಿಲ್ಲ ತಾಯೀ. ಗುಡ್ಡ ಹತ್ತೋರು, ಕಡಲಿಗೆ ಹೋಗೋರು ಎಲ್ಲಾ ಇಲ್ಲೇ ಕುಡೀತಿದ್ರು. ಈಗ ಬಂದ ನೆಂಟರಿಗೆ ಪೊಟ್ಟಣ ಹರಿದು ಕೊಡ್ತೀನಿ. ಇದಕ್ಕಿಂತ ನಾಚಿಕೆ ಏನಿದೆ?"

ವ್ಯಾಪಾರದ ನಷ್ಟದ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. ಬಂದವರಿಗೆ ನೀರು ಕೊಡಲಾಗದ ಸಂಕಟ ಅದು. ಬಾವಿಯನ್ನು ಸರಿ ಮಾಡಿಯೇ ತೀರುತ್ತೇನೆ ಅಂದುಕೊಂಡೆ.

ಕಚೇರಿಯವರ ಮುಂದೆ ಆಗಲೇ ಒಂದು ಸುಲಭ ದಾರಿ ಇತ್ತು. ಗುಡ್ಡದಿಂದ ಸಮುದ್ರಕ್ಕೆ ನೇರ ಕಾಂಕ್ರೀಟ್ ಚರಂಡಿ. ಕೆಸರು ಬಾವಿಗೆ ಬರುವುದಿಲ್ಲ, ನಿಜ. ಆದರೆ ಗುಡ್ಡದ ಸಿಹಿನೀರು ಇಂಗದೆ ಹೋದರೆ ಕಡಲಿನ ಉಪ್ಪು ಒಳಗೆ ನುಗ್ಗುತ್ತದೆ. ಬಾವಿ ತಿಳಿಯಾಗಿಯೇ ಸಾಯುತ್ತದೆ. ರಾವುಗಾರು ಪೇಟೆಯ ಹಿರಿಯರನ್ನೂ ಕಚೇರಿಯವರನ್ನೂ ಕೂರಿಸಿ ಒಪ್ಪಿಸಿದರು. ಒಂದು ಮಳೆಗಾಲ ನಮ್ಮ ವಿಧಾನ ಮಾಡಿ ನೋಡೋಣ, ಆಗದಿದ್ದರೆ ಚರಂಡಿ ಹಾಕಿಸಿ ಎಂದು.

ರಸ್ತೆಯ ಪಕ್ಕಕ್ಕೆ ಉದ್ದಕ್ಕೂ ಹುಲ್ಲುಗಾಲುವೆ ತೋಡಿದೆವು. ತಳಕ್ಕೆ ಜಲ್ಲಿ, ಮೇಲೆ ಮರಳು, ಅದರ ಮೇಲೆ ಮಣ್ಣು. ಅಲ್ಲಲ್ಲಿ ನೀರಿನ ವೇಗ ಮುರಿಯಲು ಕಲ್ಲಿನ ಅಡ್ಡಗಟ್ಟೆ, ಕೆಸರು ಕೂರಲು ಗುಂಡಿ. ಇಳಿಜಾರಿಗೆ ಲಾವಂಚ, ಅದರ ಬೇರು ಮಣ್ಣನ್ನು ಹಲ್ಲು ಕಚ್ಚಿ ಹಿಡಿಯುತ್ತದೆ. ಲಾವಂಚದ ಸಸಿಗಳು ಅನಕಾಪಲ್ಲಿ ಕಡೆಯಿಂದ ಬರಬೇಕಿತ್ತು. ಖರ್ಚು ಉಳಿಯಲಿ ಎಂದು ಲಾರಿಯವನು ಬೆಲ್ಲದ ಅಚ್ಚುಗಳ ಮೇಲೆ ನಮ್ಮ ಸಸಿ ಕಟ್ಟುಗಳನ್ನು ಪೇರಿಸಿಕೊಂಡು ಬಂದ. ಬೆಲ್ಲ ಇಳಿದರೂ ಇರುವೆ ಇಳಿಯಲಿಲ್ಲ. ಕಟ್ಟು ಬಿಚ್ಚಿದವರೆಲ್ಲ ಕುಣಿಯತೊಡಗಿದರು. ಮೇಲೆ ಗಾಜಿನ ಕಿಟಕಿಯಲ್ಲಿ ಐಟಿ ಮಕ್ಕಳು ನಿಂತು ಇದೇನು ಬುಡಕಟ್ಟಿನ ನೃತ್ಯವೋ ಎಂಬಂತೆ ವಿಡಿಯೊ ತೆಗೆದರು.

ಇನ್ನು ಮುಖ್ಯ ವಿಷಯ. ರಸ್ತೆಗೂ ಕಾಲುವೆಗೂ ನಡುವೆ ಅಂಚುಗಲ್ಲು ಇರುತ್ತದಲ್ಲ, ಅದರಲ್ಲಿ ಅಲ್ಲಲ್ಲಿ ಬಾಯಿ ಬಿಟ್ಟಿದ್ದೆವು. ರಸ್ತೆಯ ನೀರು ಆ ಬಾಯಿಗಳಿಂದಲೇ ಕಾಲುವೆಗೆ ಇಳಿಯಬೇಕು. ಅದಿಲ್ಲದಿದ್ದರೆ ಮಿಕ್ಕ ಕಾಲುವೆ ಬರೀ ಅಲಂಕಾರ.

ಮುಂಗಾರು ಮುಗಿದು, ಬಂಗಾಳ ಕೊಲ್ಲಿಯ ತುಫಾನುಗಳು ಶುರುವಾಗುವ ಹೊತ್ತಿಗೆ ಎಲ್ಲ ತಯಾರಾಯಿತು. ನಾನು ನಾದಿನಿಯ ಮಗನ ಮದುವೆಗೆ ಹುಬ್ಬಳ್ಳಿಗೆ ಹೋದೆ. ಆ ವಾರವೇ ಕಚೇರಿಗೆ ಯಾರೋ ದೊಡ್ಡ ಮನುಷ್ಯರು ಬಂದು ನಮ್ಮ ಹಸಿರು ಕಾಲುವೆಯನ್ನು ಉದ್ಘಾಟಿಸುವುದೆಂದು ನಿಶ್ಚಯವಾಯಿತು. ದೊಡ್ಡವರು ಬರುತ್ತಾರೆ ಎಂದರೆ ನಮ್ಮ ದೇಶದಲ್ಲಿ ಮೊದಲು ನಡೆಯುವುದು ಏನು? ಅಂಚುಗಲ್ಲಿಗೆ ಬಣ್ಣ. ಕಚೇರಿಯ ನಿರ್ವಹಣೆ ನೋಡಿಕೊಳ್ಳುತ್ತಿದ್ದ ಶ್ರೀನಿವಾಸ್ ಬಹಳ ಅಚ್ಚುಕಟ್ಟಿನ ಹುಡುಗ. ಹಳದಿ ಕಪ್ಪು ಪಟ್ಟೆ ಹೊಡೆಸಲು ನಿಂತವನಿಗೆ ಅಂಚುಗಲ್ಲಿನ ಬಾಯಿಗಳು ಹಲ್ಲು ಬಿದ್ದ ಬಾಯಿಯ ಹಾಗೆ ಕಂಡವಂತೆ. ಗುತ್ತಿಗೆಯವರು ಅರ್ಧ ಕೆಲಸ ಬಿಟ್ಟು ಹೋಗಿದ್ದಾರೆ ಎಂದುಕೊಂಡು, ಇಟ್ಟಿಗೆ ಇಟ್ಟು, ಸಿಮೆಂಟು ಮೆತ್ತಿ, ನುಣ್ಣಗೆ ಮುಚ್ಚಿಸಿ, ಮೇಲೆ ಬಣ್ಣ ಹೊಡೆಸಿಬಿಟ್ಟ. ಯಾರನ್ನೂ ಕೇಳದೆ, ಒಳ್ಳೆಯ ಮನಸ್ಸಿನಿಂದ. ಉದ್ಘಾಟನೆಗೆ ಬಂದ ರಾವುಗಾರು ಕೂಡ ಮಾಲೆ ಹಾಕಿಸಿಕೊಂಡು, "ಬಣ್ಣ ಚೆನ್ನಾಗಿ ಹೊಡೆಸಿದ್ದೀರಯ್ಯಾ" ಎಂದು ಅವನ ಬೆನ್ನು ತಟ್ಟಿದರು!

ನಾನು ವಾಪಸಾದ ಮರುದಿನ ತುಫಾನು. ಮೊಬೈಲಿನಲ್ಲಿ ಎಚ್ಚರಿಕೆ ಬಂದ ಕೂಡಲೇ ಕೊಡೆ ಹುಡುಕತೊಡಗಿದೆ. ನಮ್ಮ ಯಜಮಾನರು ಟಿವಿ ಮುಂದಿನಿಂದಲೇ, "ಮಳೀ ಬಂದ್ರ ಮಂದಿ ಒಳಗ ಓಡ್ತಾರ, ನೀ ಹೊರಗ ಓಡ್ತಿ. ಏನ್ ಐತಿ ಅಲ್ಲಿ ಅಂಥಾದ್ದು?" ಎಂದರು. ಎಂದವರೇ ಎದ್ದು ಕಾರಿನ ಕೀಲಿ ತೆಗೆದುಕೊಂಡರು. ಇಷ್ಟು ವರ್ಷ ಗೊಣಗುತ್ತಲೇ ನನ್ನನ್ನು ಪ್ರತಿ ಮಳೆಗೂ ಕರೆದುಕೊಂಡು ಹೋಗಿ ಬಿಟ್ಟವರು ಅವರು. ಆ ಗೊಣಗಾಟಕ್ಕೆ ನಾನು ಋಣಿ.

ಗುಡ್ಡ ಮುಟ್ಟುವ ಹೊತ್ತಿಗೆ ನೋಡುತ್ತೇನೆ, ಕಾಲುವೆಯಲ್ಲಿ ಮೇಲಿಂದ ಬಿದ್ದ ಹನಿ ಬಿಟ್ಟರೆ ಏನಿಲ್ಲ. ರಸ್ತೆಯ ನೀರೆಲ್ಲ ಹಳದಿ ಕಪ್ಪು ಪಟ್ಟೆಯ ನಡುವೆ ಕುದುರೆಯ ಹಾಗೆ ಓಡುತ್ತಿದೆ. ಒಂದು ಕ್ಷಣ ಏನೆಂದೇ ತಿಳಿಯಲಿಲ್ಲ. ಆಮೇಲೆ ಹೊಸ ಸಿಮೆಂಟು ಕಣ್ಣಿಗೆ ಬಿತ್ತು. ಕೂಗಿದೆ. ಶ್ರೀನಿವಾಸ್ ಓಡಿ ಬಂದ, ನಾನು ತೋರಿಸಿದ್ದನ್ನು ನೋಡಿ ಅವನ ಮುಖ ಬಿಳಿಚಿಕೊಂಡಿತು. ಹಾರೆ ಹಿಡಿದು ಅವನೇ ಒಡೆಯಲು ನಿಂತ. ಕಾವಲುಗಾರರು, ಮಾಲಿಗಳು, ನಮ್ಮ ಬ್ಯಾಂಕಿನ ಸಾಹೇಬರು, ಎಲ್ಲರೂ ಒಡೆದರು. ಒಂದೊಂದೇ ಬಾಯಿ ತೆರೆದ ಹಾಗೆ ನೀರು ಗಟಗಟನೆ ಕಾಲುವೆಗೆ ಇಳಿಯಿತು. ಆದರೆ ಅಷ್ಟರಲ್ಲಿ ಮೊದಲ ನೀರು ಕೆಳಗೆ ತಲುಪಿಯಾಗಿತ್ತು.

ಬುಡಕ್ಕೆ ಹೋದಾಗ ಪೈಡಮ್ಮ ಮತ್ತು ಪೇಟೆಯ ಹೆಂಗಸರು ಬಾವಿಯ ಸುತ್ತ ಮರಳಿನ ಚೀಲ ಪೇರಿಸಿ ಸೋತು ನಿಂತಿದ್ದರು. ಬಾವಿ ಕೆಂಪಗಿತ್ತು. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

ಮರುದಿನ ರಾವುಗಾರು ವಿಜಯವಾಡದಿಂದ ಬಂದರು. ಶ್ರೀನಿವಾಸ್ ತಲೆ ತಗ್ಗಿಸಿ ನಿಂತಿದ್ದ. ಪೇಟೆಯ ಹಿರಿಯರ ಮುಂದೆ ರಾವುಗಾರು ಅವನ ಹೆಸರನ್ನೇ ಎತ್ತಲಿಲ್ಲ. "ನೀರು ಹೋಗೋ ಬಾಯಿ ಮುಚ್ಚಿದ್ದರು. ನಾನು ಆ ರಸ್ತೇಲಿ ಮಾಲೆ ಹಾಕ್ಕೊಂಡು ನಡೆದೆ, ನನಗೇ ಕಾಣಲಿಲ್ಲ. ತಪ್ಪು ನನ್ನದು" ಎಂದರು. ಒಬ್ಬ ಹಿರಿಯರು, "ನಿಮಗೆ ಪ್ರತಿ ಸಲ ಒಂದು ಕಾರಣ ಇರತ್ತೆ. ಚರಂಡಿ ಹಾಕಿಸಿ, ಮುಗೀಲಿ" ಎಂದು ಎದ್ದರು. ನಮ್ಮ ಮಾತು ಮುಗಿಯಿತು ಎಂದುಕೊಂಡೆ.

ಆಗ ಪೈಡಮ್ಮ ಒಲೆಯ ಹತ್ತಿರದಿಂದಲೇ ಹೇಳಿದಳು. "ಕೂತ್ಕೋ ಮಾವಾ. ಬಾಯಿ ತೆರೆದ ಮೇಲೆ ನೀರು ನಿಂತಿದ್ದನ್ನ ನಾನು ಕಣ್ಣಾರೆ ನೋಡಿದೀನಿ. ಇನ್ನೊಂದು ಮಳೆ ಬರಲಿ." ನನ್ನ ಕಡೆ ಸೌಟು ತೋರಿಸಿದಳು. "ಆದರೆ ಆ ಮಳೇಲಿ ಈ ಅಮ್ಮ ಗುಡ್ಡದ ಮೇಲಿರಬಾರದು. ಇಲ್ಲಿ, ನನ್ನ ಜೊತೆ, ಬಾವಿ ಹತ್ತಿರ ಕೂರಬೇಕು. ಕೆಂಪು ಬಂದರೆ ನಾವಿಬ್ಬರೂ ಒಟ್ಟಿಗೆ ನೋಡೋಣ."

ಪಂಪು ಹಚ್ಚಿ ಬಾವಿಯನ್ನು ಬಸಿದೆವು. ಹೂಳು ಎತ್ತುವಾಗ ಶ್ರೀನಿವಾಸ್ ಪ್ಯಾಂಟು ಮಡಚಿ ಒಳಗಿಳಿದ. ಪ್ರತಿ ಅಂಚುಗಲ್ಲಿನ ಬಾಯಿಗೆ ಅವನೇ ಬಿಳಿ ಬಣ್ಣದ ಬಾಣ ಬರೆಸಿ, 'ನೀರಿನ ದಾರಿ, ಮುಚ್ಚಬೇಡಿ' ಎಂದು ತೆಲುಗಿನಲ್ಲಿ ಬರೆಸಿದ. ಆಮೇಲೆ ನಾನು ಮಾಡಿದ ಎಲ್ಲ ಕೆಲಸಗಳಲ್ಲೂ ಆ ಬಾಣ ಇದೆ. ನೀವೂ ಬರೆಸಿ.

ಮತ್ತೆ ಮಳೆ ಬಂತು. ಮಾತಿನಂತೆ ನಾನು ಪೈಡಮ್ಮನ ಬೆಂಚಿನ ಮೇಲೆ ಕೂತೆ. ನನ್ನ ಜೀವನದಲ್ಲಿ ಅಷ್ಟು ದೇವರನ್ನು ನೆನೆದದ್ದು ಹೆರಿಗೆಯ ದಿನ ಬಿಟ್ಟರೆ ಅವತ್ತೇ. ಗುಡ್ಡ ಮಂಜಿನಲ್ಲಿ ಮುಚ್ಚಿಹೋಯಿತು. ನಾವಿಬ್ಬರೂ ರಸ್ತೆಯನ್ನೇ ನೋಡುತ್ತಿದ್ದೆವು. ನೀರು ಬರಲಿಲ್ಲ. ಬಹಳ ಹೊತ್ತಿನ ಮೇಲೆ, ಮಳೆ ತಗ್ಗಿದ ಮೇಲೆ, ಕಾಲುವೆಯ ತುದಿಯಿಂದ ತೆಳ್ಳಗೆ, ಅವಸರವಿಲ್ಲದೆ ಒಂದು ಧಾರೆ ಬಂತು. ತಿಳಿಯಾಗಿತ್ತು. ಪೈಡಮ್ಮ ಎದ್ದು ಬಾವಿಗೆ ಬಗ್ಗಿ ನೋಡಿದಳು. ಬಂದು ನನ್ನ ಕೈ ಹಿಡಿದುಕೊಂಡಳು. ಅವಳ ಕೈ ಹಿಟ್ಟಿನಿಂದ ಜಿಗುಟಾಗಿತ್ತು, ಬಿಡಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಖುಷಿಯಲ್ಲಿ ನಾನು, "ಒಂದು ಚೊಂಬು ನೀರು ಕೊಡು" ಎಂದೆ. ಅವಳು ಆಗದೆಂದು ತಲೆಯಾಡಿಸಿದಳು. "ಕೆಂಪು ಇಲ್ಲ ಅಂದ್ರೆ ಆಯ್ತಾ? ಮೊದಲು ಪರೀಕ್ಷೆ ಮಾಡಿಸು. ಆಮೇಲೆ ನಾವು ಕುಡೀತೀವಿ. ನೆಂಟರಿಗೆ ಕೊನೆಗೆ." ಮಳೆನೀರಿನ ಕೆಲಸ ಮಾಡುವವರೆಲ್ಲ ಈ ಮಾತನ್ನು ಗೋಡೆಯ ಮೇಲೆ ಬರೆದುಕೊಳ್ಳಬೇಕು. ಗಿಡ ಎಲ್ಲವನ್ನೂ ಶುದ್ಧಿ ಮಾಡುವುದಿಲ್ಲ. ಕೆಸರು ಗುಂಡಿ ಬಾಚಬೇಕು, ಮೇಲ್ಮಣ್ಣು ಕೆರೆದು ಬದಲಿಸಬೇಕು, ನೀರನ್ನು ಮತ್ತೆ ಮತ್ತೆ ಪರೀಕ್ಷಿಸಬೇಕು. ನಾನು ಮಾದರಿ ತೆಗೆಯಲು ಹೋದಾಗಲೆಲ್ಲ ನನ್ನ ಮುಂದೆ ಪೊಟ್ಟಣದ ನೀರೇ ಬರುತ್ತಿತ್ತು. ಒಳ್ಳೆಯ ವರದಿ ಬಂದಿತು, ಪೇಟೆಯವರು ಕುಡಿಯಲು ಶುರುಮಾಡಿದರು ಎಂದು ಕೇಳಿದೆ. ಅಷ್ಟರಲ್ಲಿ ನನ್ನನ್ನು ವಿಜಯವಾಡದ ಬೇರೆ ಕೆಲಸಗಳು ಎಳೆದುಕೊಂಡವು. ಕೊನೆಯ ವರ್ಷಗಳು ಹಾಗೇ ಓಡಿದವು.

ನಿವೃತ್ತಿಯಾದ ಮೇಲೆ ಮಗಳ ಜೊತೆ ವಿಶಾಖಪಟ್ಟಣಕ್ಕೆ ಹೋಗಿದ್ದೆ. ಅವಳು ಹುಟ್ಟಿ ಬೆಳೆದದ್ದೆಲ್ಲ ತೆಲುಗು ನಾಡಿನಲ್ಲೇ. ಕನ್ನಡ ನನ್ನ ಹತ್ತಿರ ಮಾತ್ರ, ಅದೂ ತೆಲುಗಿನ ರಾಗದಲ್ಲಿ. ಗುಡ್ಡದ ಲಾವಂಚ ಎದೆಯೆತ್ತರ ಬೆಳೆದಿತ್ತು. ಅಂಚುಗಲ್ಲಿನ ಬಾಯಿಗಳು ತೆರೆದಿದ್ದವು, ಬಾಣಗಳಿಗೆ ಹೊಸ ಬಣ್ಣ. ಪೈಡಮ್ಮನ ಅಂಗಡಿ ಸಂಜೆಯ ಗಿರಾಕಿಗಳಿಂದ ತುಂಬಿತ್ತು. ಬಾಣಲೆಯಿಂದ ತಲೆ ಎತ್ತಿ ನನ್ನನ್ನು ನೋಡಿದವಳು, ನಿನ್ನೆ ಬಿಟ್ಟು ಹೋದವಳು ಇವತ್ತು ಬಂದಳು ಎಂಬಂತೆ, "ಕೂತ್ಕೋಮ್ಮಾ, ಬಿಸಿ ಬಿಸಿ ತೆಗೀತೀನಿ" ಎಂದಳು. ಬೆಂಚಿನ ತುದಿಯಲ್ಲಿ ಒಂದು ಚೊಂಬು ನೀರು ಇಟ್ಟಳು. ಮತ್ತೆ ಬಾಣಲೆಗೆ ತಿರುಗಿದಳು.

ನಡೆದು ದಣಿದಿದ್ದೆ, ಎತ್ತಿ ಕುಡಿದೆ. ಅರ್ಧ ಕುಡಿದ ಮೇಲೆ ಗೊತ್ತಾಯಿತು, ಇದು ಬಾವಿಯ ನೀರು. ಪೈಡಮ್ಮನನ್ನು ನೋಡಿದೆ. ನೆಂಟರಿಗೆ ಕೊನೆಗೆ ಎಂದದ್ದು ಅವಳಿಗೆ ನೆನಪೂ ಇರಲಿಲ್ಲ. ಬಂದವರಿಗೆ ನೀರು ಕೊಟ್ಟಿದ್ದಳು, ಅಷ್ಟೇ.

"ಯಾಕಮ್ಮಾ, ಕಣ್ಣಲ್ಲಿ ನೀರು?" ಮಗಳು ಕೇಳಿದಳು.

"ಪುಣುಗು ಖಾರ" ಅಂದೆ.

ಅವಳು ಬಾಣಲೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ಇನ್ನೂ ತಟ್ಟೆಗೇ ಬಂದಿಲ್ಲವಲ್ಲಮ್ಮಾ."